ಮೊದಲಿಂದ ಶುರು

ಕಂಪ್ಯೂಟರಿನಲ್ಲಿ ಅಕ್ಷರಗಳು ಮತ್ತೆ ಮೇಲೇರುತ್ತಿವೆ, ಕಪ್ಪು ಗೋಡೆ ಹತ್ತುವ ಬಿಳಿ ಇರುವೆಗಳ ಹಾಗೆ, ಏರಲಿ, ಪುಕ್ಕಟೆ ಅಂದಿದ್ದಳಲ್ಲ ಅಕ್ಕನ ಮಗಳು, ಮಾಮ ಈ ಅಪ್ಲಿಕೇಶನ್‌ಗೆ ಕಾಸು ಕೊಡಬೇಕಿಲ್ಲ, ಯಾರು ಬೇಕಾದ್ರೂ ಇಳಿಸ್ಕೊಂಡು ತಮಗೆ ಬೇಕಾದ ಹಾಗೆ ತಿದ್ದಿಕೋಬಹುದು, ಪುಕ್ಕಟೆಗೆ ನಾನು ಕೊಟ್ಟದ್ದು ಇಷ್ಟು — ನಿದ್ದೆ, ಬೆನ್ನು, ರಿಪೇರಿಗೆ ಮಿಕ್ಸಿ ಕೊಟ್ಟು ಕಾದ ಗಿರಾಕಿಗಳ ಬೈಗುಳ, ಇನ್ನೂ ಒಂದಿದೆ, ಅದು ಆಮೇಲೆ. ಇದು ಓಡಿದರೆ ಪರದೆ ತುಂಬ ಚಿತ್ರದ ಗುಂಡಿಗಳು, ಲೋಟ ಒತ್ತಿದರೆ ನೀರು ಅನ್ನುತ್ತದೆ, ದಿಂಬು ಒತ್ತಿದರೆ ಮಲಗಬೇಕು ಅನ್ನುತ್ತದೆ, ಎತ್ತಿದ ಅಂಗೈ ಒತ್ತಿದರೆ ಸಾಕು ಅನ್ನುತ್ತದೆ, ಮಾತು ಹೋದವರಿಗೆ ಅದೇ ನಾಲಿಗೆ, ಆದರೆ ಆಡುವವಳು ಯಾರೋ ಯಂತ್ರದ ಹೆಂಗಸು, ಮಗಳು ತೋರಿಸಿದ ನಮೂನೆ ಕೇಳಿ ಅಕ್ಕ ನಕ್ಕಿದ್ದಳು, ಇವಳ ಬಾಯಲ್ಲಿ ನೀರು ಕೇಳೋದಕ್ಕಿಂತ ಬಾಯಾರಿ ಸಾಯೋದೇ ವಾಸಿ ಕಣೋ. ಇವತ್ತು ಬೆಳಿಗ್ಗೆ ಆಸ್ಪತ್ರೆಯಲ್ಲಿ ಅಕ್ಕನ ಗಂಟಲು ಕೊಯ್ದು ಧ್ವನಿಪೆಟ್ಟಿಗೆ ತೆಗೆದರು, ಅದಕ್ಕೆ ಮುಂಚೆ ದಿನಾ ಪಕ್ಕ ಕೂತು ಅವಳ ಧ್ವನಿಯನ್ನೇ ಫೋನಿಗೆ ಹಿಡಿದಿದ್ದೆ, ನೀರು ಕೊಡು, ಫ್ಯಾನ್ ಹಾಕು, ಊಟ ಆಯ್ತಾ, ಲೇ ಕೋತಿ ಎಲ್ಲಿ ಸತ್ತೆ — ಮೊದಲ ದಿನವೇ ಸುಸ್ತಾಗಿ ಅಂಗೈ ಎತ್ತಿ ಅಡ್ಡ ಹಿಡಿದಳು, ಸಾಕು ಕಣೋ, ನಿಲ್ಸು, ಅದೂ ರೆಕಾರ್ಡ್ ಆಯಿತು, ಇಬ್ಬರೂ ನಕ್ಕೆವು.

ಆ ಧ್ವನಿಯನ್ನು ಗುಂಡಿಗಳ ಹಿಂದೆ ಕೂರಿಸಬೇಕಾದರೆ ಇಡೀ ಅಪ್ಲಿಕೇಶನ್ ನನ್ನ ಕಂಪ್ಯೂಟರಿನಲ್ಲೇ ಓಡಬೇಕು, ಓಡಲು ಅದಕ್ಕೆ ಇನ್ನೊಂದು ಸಾಫ್ಟ್‌ವೇರ್ ಬೇಕು, ಆ ಇನ್ನೊಂದಕ್ಕೆ ಮತ್ತೊಂದರ ಹಳೆಯ ಆವೃತ್ತಿಯೇ ಬೇಕು, ಹೊಸದು ಕೊಟ್ಟರೆ ಬೀಗರ ಹಾಗೆ ಮುನಿಸು, ಡೇಟಾಬೇಸ್ ಏಳುವುದಿಲ್ಲ, ಏಳಿಸಿದರೆ ಪಾಸ್‌ವರ್ಡ್ ತಪ್ಪು ಅಂತ ಮತ್ತೆ ಮಲಗುತ್ತದೆ. ಇದೇ ಪಾಡು ಪಟ್ಟವನೊಬ್ಬ ಎಲ್ಲೋ ಬರೆದಿದ್ದ, ಫೋಲ್ಡರ್ ಪೂರ್ತಿ ಅಳಿಸಿ ಮೊದಲಿಂದ ಶುರು ಮಾಡಿ, ನನಗೆ ಸರಿಹೋಯಿತು, ಕೆಳಗೆ ಸಾಲಾಗಿ ಥ್ಯಾಂಕ್ಸು, ಅಳಿಸಿದೆ, ಅವಳು ಆಪರೇಷನ್ ಟೇಬಲ್ ಮೇಲಿದ್ದಾಗ. ಮಿಕ್ಸಿ ಬಿಚ್ಚೋ ಮೊದಲು ಸ್ಕ್ರೂ ಎಲ್ಲಾ ಬಟ್ಟಲಿಗೆ ಹಾಕಿ ದೂರ ಇಡ್ರೋ ಅಂತ ಎಷ್ಟು ಜನಕ್ಕೆ ಹೇಳಿಕೊಟ್ಟವನು ನಾನು, ಅಕ್ಕನ ಧ್ವನಿಯನ್ನು ಅದೇ ಫೋಲ್ಡರಿನಲ್ಲಿ ಇಟ್ಟಿದ್ದೆ, ಗುಂಡಿಗಳ ಹತ್ತಿರವೇ ಇರಲಿ ಅಂತ, ಫೋನಿನಲ್ಲಿ ಜಾಗವಿಲ್ಲವೆಂದು ಅಲ್ಲಿಂದಲೂ ತೆಗೆದಾಗಿತ್ತು, ಕಸದ ಬುಟ್ಟಿ ನೋಡಿದೆ, ಖಾಲಿ, ಈ ಕಪ್ಪು ಕಿಟಕಿಯಲ್ಲಿ ಅಳಿಸಿದ್ದು ಬುಟ್ಟಿಗೂ ಹೋಗುವುದಿಲ್ಲವಂತೆ. ಸುಟ್ಟ ಮೋಟರಿಗೆ ಹೊಸ ತಂತಿ ಸುತ್ತಬಹುದು, ಇದಕ್ಕೆ ಏನು ಸುತ್ತಲಿ. ಫೋನು — ಅಕ್ಕನ ಮಗಳು, ಮಾಮ, ಅಮ್ಮಂಗೆ ಎಚ್ಚರ ಆಯ್ತು, ಕೈಸನ್ನೆ ಮಾಡಿ ನಿಮ್ಮನ್ನೇ ಕೇಳ್ತಿದಾರೆ, ಗುಂಡಿ ಓಡ್ತಿದ್ಯಾ. ನೋಡಿದೆ, ಇರುವೆಗಳು ನಿಂತಿದ್ದವು, ಬ್ರೌಸರಿನಲ್ಲಿ ಲೋಟ, ದಿಂಬು, ಅಂಗೈ, ಎಲ್ಲಾ ಸಾಲಾಗಿ, ಮೊದಲಿಂದ ಶುರು ಮಾಡಿದ್ದಕ್ಕೆ ಸರಿಹೋಗಿದೆ, ಓಡ್ತಿದೆ ಪುಟ್ಟಿ ಅಂದೆ, ಸುಳ್ಳಲ್ಲ, ಓಡುವುದಂತೂ ಓಡುತ್ತಿದೆ, ಮೊದಲ ದಿನ ಅಮ್ಮನ ರೆಕಾರ್ಡಿಂಗ್ ಒಂದು ನಿನಗೆ ಕಳಿಸಿದ್ನಲ್ಲ, ಸರಿಯಾಗಿ ಕೇಳುತ್ತಾ ನೋಡು ಅಂತ, ಅದನ್ನ ಅಳಿಸ್ಬೇಡ, ನನಗೆ ವಾಪಸ್ ಕಳಿಸು. ಅದೊಂದೇ ಯಾಕೆ ಮಾಮ. ಹೇಳಿದೆ. ಕಳಿಸ್ತೀನಿ ಅಂದಳು, ಅಮ್ಮಂಗೆ ನೀವೇ ಹೇಳಿ.

ಹೇಳಬೇಕು, ಸಂಜೆ, ಕಂಪ್ಯೂಟರನ್ನು ಅವಳ ಮಡಿಲಲ್ಲಿಟ್ಟು, ನೀರು ಅಂದರೆ ಯಂತ್ರದ ಹೆಂಗಸೇ ಅಂದಾಳು, ಊಟ ಆಯ್ತಾ ಅಂತಲೂ ಅವಳೇ, ಲೇ ಕೋತಿ ಅನ್ನುವವರು ಇನ್ನು ಇಲ್ಲ, ಅಕ್ಕ ಬೈಯಲೂ ಆರಳು, ಲೆಕ್ಕ ಇಷ್ಟೇ, ಅವಳ ಮಾತೆಲ್ಲ ಹೋಯಿತು, ಒಂದು ಉಳಿಯಿತು, ಅದು ಪುಟ್ಟಿಯ ಫೋನಿಂದ ಬಂತು, ಅಂಗೈ ಚಿತ್ರದ ಹಿಂದೆ ಕೂರಿಸಿದೆ, ಒತ್ತಿದೆ, ಸಾಕು ಕಣೋ, ನಿಲ್ಸು, ಮತ್ತೆ ಒತ್ತಿದೆ — ಎತ್ತಿದ ಅಂಗೈ, ಸಾಕು ಕಣೋ — ಎತ್ತಿದ ಅಂಗೈ —