ಅಣ್ಣನಿಗೆ ಹೇಳಬೇಕಿದ್ದ ಮಾತು

ಕುರ್ಚಿ ಮಾಡುವ ಬಡಗಿಗೆ ಒಂದು ಕಡೆಯ ಮೂಗು ಕಟ್ಟಿಕೊಂಡು ತಿಂಗಳುಗಳೇ ಆಗಿದ್ದವು. ನೆಗಡಿಯೆಂದು ತಳ್ಳಿಹಾಕುತ್ತಲೇ ಬಂದ. ಉಜ್ಜುತ್ತಿದ್ದ ಹಲಗೆಯ ಮೇಲೆ ರಕ್ತ ತೊಟ್ಟಿಕ್ಕಿದ ದಿನ ಆಸ್ಪತ್ರೆಯ ದಾರಿ ಹಿಡಿದ. ಹೆಂಡತಿ ಇದ್ದಿದ್ದರೆ ಎಂದೋ ಕಿವಿ ಹಿಂಡಿ ಆಸ್ಪತ್ರೆಗೆ ಕಳಿಸಿರುತ್ತಿದ್ದಳು. ಅವಳು ತೀರಿಕೊಂಡ ಮೇಲೆ ಹೇಗಿದ್ದೀಯ ಎಂದು ಕೇಳುವವರು ಗಿರಾಕಿಗಳು ಮಾತ್ರ. ಅದೂ ಕುರ್ಚಿ ಆಯಿತಾ ಎಂದು ಕೇಳುವ ಮುನ್ನ.

ಡಾಕ್ಟರಮ್ಮ ಮೂಗಿನೊಳಗೆ ಸಣ್ಣ ಕ್ಯಾಮೆರಾ ಇಳಿಸಿ ನೋಡಿ, ಚೂರು ಮಾಂಸ ತೆಗೆದು ಪರೀಕ್ಷೆಗೆ ಕಳಿಸಿದರು. ಸ್ಕ್ಯಾನೂ ಆಯಿತು. ರಿಪೋರ್ಟ್ ಬಂದ ದಿನ ಅವರು ಮೊದಲು ಬಾಗಿಲ ಕಡೆ ನೋಡಿದರು.

"ಜೊತೆಗೆ ಯಾರು ಬಂದಿದ್ದಾರೆ?"

"ಅಣ್ಣ. ಹೊರಗೆ ಕೂತಿದ್ದಾನೆ," ಎಂದುಬಿಟ್ಟ. ಹೊರಗಿನ ಬೆಂಚಿನ ಮೇಲೆ ಅವನ ಕೊಡೆ ಬಿಟ್ಟರೆ ಏನೂ ಇರಲಿಲ್ಲ.

"ಕ್ಯಾನ್ಸರ್ ಇದು. ಬೇರೆ ಕಡೆ ಹರಡಿಲ್ಲ."

"ನಾನು ಬೀಡಿ ಮುಟ್ಟಿದವನಲ್ಲ, ಡಾಕ್ಟ್ರೇ."

"ಮರದ ಪುಡಿಯಿಂದಲೂ ಬರುತ್ತೆ. ವರ್ಷಗಟ್ಟಲೆ ಅದರಲ್ಲೇ ಉಸಿರಾಡಿದ್ದೀರಿ. ನಿಮಗೆ ಅದರಿಂದಲೇ ಅಂತ ಖಡಾಖಂಡಿತ ಹೇಳೋಕಾಗಲ್ಲ, ನನ್ನ ಅನುಮಾನ ಮಾತ್ರ ಅದೇ. ಆಪರೇಷನ್ ಮಾಡಿ ತೆಗೆದು, ಆಮೇಲೆ ರೇಡಿಯೇಷನ್ ಕೊಡೋದು ಒಳ್ಳೇದು. ಆದ್ರೆ ವಾಸನೆ ಗೊತ್ತಾಗೋದು ನಿಂತುಹೋಗಬಹುದು. ಬರೀ ರೇಡಿಯೇಷನ್ನೂ ಕೊಡಬಹುದು, ಮತ್ತೆ ಬರೋ ಭಯ ಜಾಸ್ತಿ. ಅಣ್ಣನ ಹತ್ರ ಮಾತಾಡಿ ಹೇಳಿ."

ಅಣ್ಣನ ಹತ್ತಿರ ಮಾತು ಬಿಟ್ಟು ಯಾವ ಕಾಲವಾಗಿತ್ತೋ. ಅಪ್ಪನ ಶೆಡ್ಡಿಗೆ ನಡುವೆ ಪ್ಲೈವುಡ್ ಹೊಡೆದು, ಈಚೆ ಇವನು ಕುರ್ಚಿ, ಆಚೆ ಅಣ್ಣ ಬೀರು ಮಾಡುತ್ತಿದ್ದರು. ಜಗಳ ಯಾತಕ್ಕೆ ಹತ್ತಿತೆಂದು ಕೇಳಿದ್ದರೆ ಇಬ್ಬರೂ ತಡವರಿಸುತ್ತಿದ್ದರೇನೋ. ತನ್ನೊಬ್ಬನ ವಿಷಯವಾಗಿದ್ದರೆ ಬಡಗಿ ಬಾಯಿ ಹೊಲಿದುಕೊಂಡೇ ಇರುತ್ತಿದ್ದ. ಆದರೆ ಆಚೆ ಉಜ್ಜುವ ಮಷೀನು ಗುಂಯ್‌ಗುಟ್ಟಿದಾಗ, ಅಣ್ಣನ ಮೂಗಿಗೂ ಅದೇ ಪುಡಿಯಲ್ಲವೇ ಅನ್ನಿಸಿ ಎದ್ದು ಹೋದ.

ಅಣ್ಣ ಮಷೀನು ನಿಲ್ಲಿಸಿದ. ಮೀಸೆ, ಹುಬ್ಬು ಎಲ್ಲ ಪುಡಿ. "ಏನು?"

"ನಂಗೆ ಮೂಗಲ್ಲಿ ಕ್ಯಾನ್ಸರ್. ಈ ಪುಡಿಯಿಂದ ಇರಬಹುದಂತೆ. ನೀನೂ ಒಂದ್ಸಲ ತೋರಿಸ್ಕೋ. ಮಾಸ್ಕ್ ಹಾಕ್ಕೋ."

ಅಣ್ಣ ಕೈಯಲ್ಲಿದ್ದ ಹಲಗೆಯನ್ನು ಸುಮ್ಮನೆ ಸವರಿದ. "ಅಪ್ಪ ಹಾಕ್ಕೊಂಡಿದ್ನಾ?" ಎಂದ. ಮಷೀನು ಮತ್ತೆ ಶುರುವಾಯಿತು.

ಆಪರೇಷನ್ನಿಗೆ ಬಡಗಿ ಒಬ್ಬನೇ ಹೋದ. ಮುಖಕ್ಕೆ ಬ್ಯಾಂಡೇಜು ಸುತ್ತಿ ಮಲಗಿದ್ದಾಗ ಅಣ್ಣ ಬಂದು ಮಂಚದ ತುದಿಯಲ್ಲಿ ಕೂತ.

"ತೋರಿಸ್ಕೊಂಡೆ. ನಂಗೇನಿಲ್ಲವಂತೆ."

ಬಡಗಿ ಅವನ ಮೊಣಕೈ ಮುಟ್ಟಿದ. ಅಣ್ಣ "ಬರ್ಲಾ?" ಎಂದು ಎದ್ದ. ಮತ್ತೆ ಬರಲಿಲ್ಲ.

ರೇಡಿಯೇಷನ್ನೂ ಮುಗಿಯಿತು. ಆಮೇಲಿನ ತಪಾಸಣೆಗಳಲ್ಲಿ ಕಾಯಿಲೆ ಕಾಣಿಸಲಿಲ್ಲ. ವಾಸನೆ ಮಾತ್ರ ಹೋಗೇಬಿಟ್ಟಿತು. ಒಂದು ಸಂಜೆ ಒಲೆಯ ಮೇಲಿಟ್ಟ ಪಾತ್ರೆ ತಳ ಹಿಡಿದದ್ದು, ಹೊಗೆಗೆ ಕಣ್ಣು ಉರಿದಾಗಲೇ ಅವನಿಗೆ ತಿಳಿದದ್ದು. ಕಿಟಕಿ ತೆರೆದ. ಸೀಯದೆ ಉಳಿದದ್ದನ್ನು ತಟ್ಟೆಗೆ ಕೆರೆದುಕೊಂಡು ಉಣ್ಣಲು ಕೂತ.