ಖಾಲಿ ಚೊಂಬಿನ ಸ್ನಾನ

ನನ್ನನ್ನು ಕೆಲಸಕ್ಕೆ ಕರೆದವರಿಗೆ ಮೊದಲ ದಿನವೇ ನನ್ನ ತಲೆ ನೆಟ್ಟಗಿಲ್ಲ ಎಂಬ ಅನುಮಾನ ಬರುತ್ತದೆ. ಬಚ್ಚಲಿಗೆ ಟೈಲ್ಸ್ ಹಾಕುವವನು ಬಂದವನೇ ಟೇಪು ಹಿಡಿದು ಅಳೆಯಬೇಕು, ನಾಲ್ಕು ಬಣ್ಣ ತೋರಿಸಬೇಕು. ನಾನು ಜೇಬಿನಿಂದ ಸೀಮೆಸುಣ್ಣ ತೆಗೆದು ನೆಲದ ಮೇಲೆ ಬಚ್ಚಲಿನ ಗೆರೆ ಎಳೆಯುತ್ತೇನೆ. ಗೆರೆಯೊಳಗೆ ಒಂದು ಪ್ಲಾಸ್ಟಿಕ್ ಸ್ಟೂಲ್ ಇಡುತ್ತೇನೆ. ಮನೆಯವರ ಕೈಗೆ ಖಾಲಿ ಚೊಂಬು ಕೊಟ್ಟು, "ಕೂತು ಸ್ನಾನ ಮಾಡಿ ತೋರ್ಸಿ" ಅನ್ನುತ್ತೇನೆ.

ಮೊದಲು ನಗುತ್ತಾರೆ. ಆಮೇಲೆ ಬಟ್ಟೆ ತೊಟ್ಟುಕೊಂಡೇ ಸ್ನಾನ ಶುರುಮಾಡುತ್ತಾರೆ. ನಿವೃತ್ತ ಮೇಷ್ಟ್ರೊಬ್ಬರು ಖಾಲಿ ಚೊಂಬನ್ನು ತಲೆಯ ಮೇಲೆ ಬಗ್ಗಿಸಿಕೊಂಡು ಕಣ್ಣು ಮುಚ್ಚಿದರು, ಕನ್ನಡಕ ಬಿಚ್ಚಿ ಒರೆಸಿಕೊಂಡರು ಕೂಡ. ಹೊಲಿಗೆ ಕೆಲಸದ ಹೆಂಗಸೊಬ್ಬಳು ನಾಚಿಕೊಂಡು, ಗಂಡನನ್ನು ಕೂರಿಸಿ, ಪಕ್ಕದಲ್ಲಿ ನಿಂತು ಅವನನ್ನು ಬೈಯುತ್ತಾ ಅವನ ಕೈಯಲ್ಲೇ ತನ್ನ ಸ್ನಾನ ಮಾಡಿಸಿ ತೋರಿಸಿದಳು. ನಾನು ನಗುವುದಿಲ್ಲ. ಮೊಣಕೈ ಎಲ್ಲಿ ಗೋಡೆಗೆ ತಾಗುತ್ತದೆ, ಸೋಪಿಗೆ ಕೈ ಎತ್ತ ಹೋಗುತ್ತದೆ, ಏಳುವಾಗ ಯಾವ ಕೈ ಊರುತ್ತಾರೆ, ಎಲ್ಲ ನೋಡಿ ಗುರುತು ಹಾಕಿಕೊಳ್ಳುತ್ತೇನೆ. ನಾಲ್ಕಡಿಗೆ ಮೂರೂವರೆ ಅಡಿಯ ಜಾಗದಲ್ಲಿ ಒಂದು ಗೇಣು ಆಚೀಚೆಯಾದರೆ ಮನುಷ್ಯನಿಗೆ ದಿನಾ ಮೊಣಕೈಗೆ ಪೆಟ್ಟು.

ಚಿಕ್ಕ ಮನೆಗಳೇ ನನ್ನ ಕಸುಬು. ದೊಡ್ಡ ಮನೆಯವರಿಗೆ ಬಚ್ಚಲು ಅಂದರೆ ಶೋಕಿ, ಚಿಕ್ಕ ಮನೆಯವರಿಗೆ ಅದು ಆರೋಗ್ಯ. ಒಂದೇ ಕೋಣೆಯಲ್ಲಿ ಐದು ಜನ ಮಲಗುವ ಕಡೆ ಬಚ್ಚಲ ನೀರು ನಿಂತರೆ ಮನೆಯೇ ನಾರುತ್ತದೆ, ಮಕ್ಕಳ ಕಾಲ್ಬೆರಳ ಸಂದು ಕೆರೆದು ಹುಣ್ಣಾಗುತ್ತದೆ. ಅದಕ್ಕೇ ನೆಲದ ಇಳಿಜಾರಿನ ವಿಷಯದಲ್ಲಿ ನಾನು ರಾಜಿಯಾಗುವವನಲ್ಲ. ಕೆಲಸ ಮುಗಿದ ಮೇಲೆ ಒಂದು ಚೊಂಬು ನೀರು ಸುರಿದು, ಕೊನೆಯ ಹನಿ ಕಿಂಡಿಗೆ ಇಳಿಯುವವರೆಗೆ ಕುಕ್ಕರಗಾಲಲ್ಲಿ ಕೂತು ಕಾಯುತ್ತೇನೆ. ಹೊರಡುವಾಗ ಸೋಪಿನ ತಟ್ಟೆ ತೋರಿಸಿ ತಪ್ಪದೇ ಒಂದು ಮಾತು ಹೇಳುತ್ತೇನೆ. ಇದು ಸೋಪು ಹೊರೋಕೆ ಅಂಟಿಸಿರೋದು, ನಿಮ್ಮನ್ನಲ್ಲ, ಇದನ್ನ ಹಿಡಕೊಂಡು ಏಳಬೇಡಿ ಅಂತ.

ಊರ ಬಚ್ಚಲುಗಳನ್ನೆಲ್ಲ ಹೀಗೆ ತಿದ್ದಿದವನ ಸ್ವಂತ ಬಚ್ಚಲು ಹೇಗಿರುತ್ತದೆ ಎಂದು ಬೇರೆ ಹೇಳಬೇಕಾಗಿಲ್ಲ. ನಮ್ಮದು ಒಂದು ಕೋಣೆ, ಒಂದು ಅಡುಗೆಮನೆ. ಅಡುಗೆಮನೆಗೆ ಅಂಟಿಕೊಂಡು ಎರಡು ಗೂಡು. ಒಂದು ಪಾಯಿಖಾನೆ. ಅದು ಎಷ್ಟು ಇಕ್ಕಟ್ಟೆಂದರೆ ಕೂತರೆ ಎರಡು ಭುಜವೂ ಗೋಡೆಗೆ ತಾಗುತ್ತವೆ, ಬೀಳಬೇಕೆಂದರೂ ಬೀಳುವುದಕ್ಕೆ ಜಾಗವಿಲ್ಲ. ಇನ್ನೊಂದು ಬಚ್ಚಲು. ಅದರ ಗೋಡೆಗೆ ನಾಲ್ಕಾರು ಮನೆಗಳಲ್ಲಿ ಉಳಿದ ಟೈಲ್ಸ್ ಹಾಕಿದ್ದೆ, ನೀಲಿಯ ಪಕ್ಕ ಕಂದು, ಕಂದಿನ ಪಕ್ಕ ಅರ್ಧ ಹೂವು. ಅದರ ಬಾಗಿಲ ಚಿಲಕ ಸರಿಯಾಗಿ ಕೂರುತ್ತಿರಲಿಲ್ಲ. ಹೆಂಡತಿ ಬಂದ ವರ್ಷವೇ ಹೇಳಿದ್ದಳು. ನಾಳೆ ಮಾಡ್ತೀನಿ ಅಂದಿದ್ದೆ, ಆ ನಾಳೆಗೆ ಇಪ್ಪತ್ತಾರು ವರ್ಷವಾಯಿತು.

ಚಿಲಕ ಕೂರದ ಬಾಗಿಲಿಗೆ ನಮ್ಮ ಮನೆಯಲ್ಲೊಂದು ಪದ್ಧತಿ ಬೆಳೆದಿತ್ತು. ಅವಳು ಸ್ನಾನಕ್ಕೆ ಹೊರಟರೆ ನಾನು ಎದ್ದು ಹೊರಗೆ ಹೋಗಿ, ಬೀದಿ ಬಾಗಿಲು ಎಳೆದುಕೊಂಡು ಮೆಟ್ಟಿಲ ಮೇಲೆ ಕೂರುತ್ತಿದ್ದೆ. ಅವಳು ಬಹಳ ಸಂಕೋಚದವಳು. ಮಗಳನ್ನು ಹೆತ್ತಾಗಲೂ ಮೂರನೇ ದಿನವೇ ತನ್ನ ಮೈ ತಾನೇ ತೊಳೆದುಕೊಂಡವಳು. ಮೆಟ್ಟಿಲ ಮೇಲೆ ಕೂತರೆ ಗವಾಕ್ಷಿಯಿಂದ ನೀರಿನ ಸದ್ದು ಕೇಳುತ್ತಿತ್ತು. ಹದಿನಾಲ್ಕು ಹದಿನೈದು ಚೊಂಬು, ನಡುವೆ ಸೋಪು ಹಚ್ಚುವಷ್ಟು ಹೊತ್ತು ಮೌನ. ಇಪ್ಪತ್ತಾರು ವರ್ಷ ಅವಳ ಸ್ನಾನ ನನಗೆ ಬರೀ ಕಿವಿಗೆ ಗೊತ್ತಿತ್ತು.

ಕಳೆದ ವರ್ಷ ಪಾತ್ರೆ ತೊಳೆಯುತ್ತಿದ್ದವಳ ಕೈಯಿಂದ ಲೋಟ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದರೆ ಕೈ ಬರಲಿಲ್ಲ. ಆಸ್ಪತ್ರೆಗೆ ಸೇರಿಸುವಷ್ಟರಲ್ಲಿ ಬಲಗೈ, ಬಲಗಾಲು ಎರಡೂ ಸೋತಿದ್ದವು. ಮಾತು ಮಾತ್ರ ತಡವರಿಸುತ್ತಾ ಉಳಿದಿತ್ತು. ಹದಿನೈದು ದಿನ ಅಲ್ಲಿದ್ದಳು. ದಾದಿಯರು ಒದ್ದೆ ಬಟ್ಟೆಯಲ್ಲಿ ಮೈ ಒರೆಸುವಾಗ ಕಣ್ಣು ಬಿಗಿಯಾಗಿ ಮುಚ್ಚಿಕೊಳ್ಳುತ್ತಿದ್ದಳು ಎಂದು ಮಗಳು ಹೇಳಿದಳು. ಮಗಳಿಗೆ ಮದುವೆಯಾಗಿದೆ, ಎರಡು ಬೀದಿ ಆಚೆಗಿದ್ದಾಳೆ, ಕಂಕುಳಲ್ಲಿ ಒಂದು, ಕೈಯಲ್ಲಿ ಒಂದು ಮಗು.

"ಮನೆಗೆ ಬಂದ್ಮೇಲೆ ನಾನೇ ದಿನಾ ಬಂದು ಸ್ನಾನ ಮಾಡಿಸ್ತೀನಮ್ಮ," ಎಂದಳು ಮಗಳು.

ಹೆಂಡತಿ ನನ್ನ ಕಡೆ ನೋಡಿದಳು. "ನನ್ನ ಸ್ನಾನ... ನಾನೇ ಮಾಡ್ಕೋಬೇಕು," ಎಂದಳು. "ಬೇರೆ ಏನಾದ್ರೂ ಆಗ್ಲಿ. ಅದೊಂದು."

ಅವಳು ಕೇಳಿದ್ದು ಅದೊಂದೇ. ಬೇರೆ ಯಾರ ಗಂಡನಾದರೂ ದೇವರ ಮೇಲೆ ಭಾರ ಹಾಕಬೇಕಿತ್ತು, ನಾನು ಟೈಲ್ಸಿನವನು. ಇದು ನನ್ನ ಕೈಯಲ್ಲಿರುವ ಕೆಲಸ ಎಂದು ಎಷ್ಟೋ ದಿನದ ಮೇಲೆ ಎದೆ ಹಗುರಾಯಿತು. ಮನೆಗೆ ಬಿಡಲು ಇನ್ನೂ ಆರು ದಿನವಿತ್ತು. ಒಪ್ಪಿಕೊಂಡಿದ್ದ ಎರಡು ಕೆಲಸಕ್ಕೆ ಬರಲಾಗುವುದಿಲ್ಲ ಎಂದು ಹೇಳಿ ಕಳಿಸಿದೆ.

ಆ ಆರು ದಿನ ನಾನು ಮಾಡಿದ ಕೆಲಸವನ್ನು ಇನ್ನಾವ ಮನೆಗೂ ಮಾಡಿಲ್ಲ. ನೆಲ ಪೂರ್ತಿ ಕಿತ್ತು, ಜಾರದ ಒರಟು ಟೈಲ್ಸ್ ತಂದು ಹಾಸಿದೆ. ಒಳಕ್ಕೆ ತೆರೆಯುತ್ತಿದ್ದ ಬಾಗಿಲನ್ನು ಹೊರಕ್ಕೆ ತೆರೆಯುವಂತೆ ತಿರುಗಿಸಿದೆ. ಚಿಲಕವನ್ನೂ ಹೊಸದು ಹಾಕಿದೆ. ಸ್ಟೂಲ್ ಅಲುಗದ ಹಾಗೆ ಕಾಲುಗಳಿಗೆ ರಬ್ಬರ್ ತೊಡಿಸಿದೆ. ಬೀದಿ ಕಡೆಯ ಗೋಡೆ ಗಟ್ಟಿಯಾಗಿತ್ತು, ಸೋಪಿನ ತಟ್ಟೆಯೂ ಅದರಲ್ಲೇ ಇತ್ತು, ಅದನ್ನು ಹಾಗೇ ಬಿಟ್ಟೆ. ಪಾಯಿಖಾನೆ ಕಡೆಯ ಗೋಡೆ ಒಡೆದು, ಕಾಂಕ್ರೀಟು ತುಂಬಿ, ಹಿಡಿದು ಏಳುವುದಕ್ಕೆ ಒಂದು ಸ್ಟೀಲ್ ಸರಳು ಕೂರಿಸಿದೆ. ಅದಕ್ಕೆ ನಾನೇ ಜೋತು ಬಿದ್ದು ನೋಡಿದೆ. ಕೂದಲೆಳೆಯಷ್ಟೂ ಅಲುಗಲಿಲ್ಲ.

ಸರಳು ಕೂರಿಸುವ ಮೊದಲು ಎಂದಿನಂತೆ ಸ್ಟೂಲ್ ಇಟ್ಟು, ಖಾಲಿ ಚೊಂಬಿನ ಸ್ನಾನ ಮಾಡಿದೆ. ಅವಳು ಆಸ್ಪತ್ರೆಯಲ್ಲಿದ್ದಳಲ್ಲ, ಅವಳ ಬದಲಿಗೆ ನಾನೇ ಕೂತೆ. ಬಲಗೈಯನ್ನು ಟವೆಲ್ಲಿನಿಂದ ಸೊಂಟಕ್ಕೆ ಕಟ್ಟಿಕೊಂಡು, ಬೆನ್ನು ಬಾಗಿಲ ಎದುರಿನ ಒಳಗೋಡೆಗೆ ಆನಿಸಿ, ಬಾಗಿಲ ಕಡೆ ಮುಖ ಮಾಡಿ ಕೂತು, ಪಾಯಿಖಾನೆ ಕಡೆಯ ಗೋಡೆಯಲ್ಲಿ ಎಡಗೈ ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಗುರುತು ಹಾಕಿದೆ. ಮಗಳು ಬುತ್ತಿ ತಂದವಳು ಬಾಗಿಲಲ್ಲಿ ನಿಂತು ನೋಡಿ, "ಅಪ್ಪಾ, ನಿಮಗೂ ಪಾರ್ಶ್ವವಾಯು ಬಡೀತಾ?" ಎಂದು ನಕ್ಕಳು. ಆಮೇಲೆ ಅಲ್ಲೇ ಅತ್ತಳು.

ಹೆಂಡತಿ ಮನೆಗೆ ಬಂದ ದಿನ ಕೋಲೂರಿಕೊಂಡು ಬಚ್ಚಲ ಬಾಗಿಲಿಗೆ ಬಂದು ನಿಂತಳು. ನಾನು ಹೊಸ ಸೈಕಲ್ ತೋರಿಸುವ ಹುಡುಗನ ಹಾಗೆ ಎಲ್ಲ ತೋರಿಸಿದೆ. "ಇಲ್ನೋಡು, ಹೀಗೆ ಕೂರೋದು. ಹೀಗೆ ಎಡಗೈ ಸರಳಿಗೆ. ಹೀಗೆ ಏಳೋದು." ನಾನೇ ಕೂತು, ನಾನೇ ಎದ್ದೆ. ಅವಳು ಬಹಳ ಹೊತ್ತು ಸರಳನ್ನೇ ನೋಡಿದಳು. ಏನೋ ಹೇಳಲು ಹೊರಟವಳ ಹಾಗೆ ಬಾಯಿ ತೆರೆದಳು. ನಾನು ಇಳಿಜಾರು ತೋರಿಸಲು ಒಂದು ಚೊಂಬು ನೀರು ಸುರಿದೆ.

"ಚೆನ್ನಾಗಿದೆ," ಎಂದಳು.

ಮಾರನೆಯ ದಿನದಿಂದ ಅವಳೇ ಸ್ನಾನ ಮಾಡತೊಡಗಿದಳು. ಚಿಲಕ ಹಾಕಬೇಡ ಎಂದು ಮಗಳು ಗೋಗರೆದರೂ ಕೇಳದೆ ಒಳಗಿನಿಂದ ಚಿಲಕ ಹಾಕುತ್ತಿದ್ದಳು. ನಾನು ಎಂದಿನಂತೆ ಮೆಟ್ಟಿಲ ಮೇಲೆ. ಚೊಂಬಿನ ಸದ್ದು ಐದಾರಕ್ಕೆ ಇಳಿದಿತ್ತು, ನಡುವಿನ ಮೌನ ಉದ್ದವಾಗಿತ್ತು, ಆದರೂ ಸ್ನಾನ ಮುಗಿಯುತ್ತಿತ್ತು. ದಾರಿಯಲ್ಲಿ ಹೋಗುವ ಪರಿಚಯದವರಿಗೆಲ್ಲ "ಅವಳೇ ಸ್ನಾನ ಮಾಡ್ಕೋತಾಳೆ" ಎಂದು ಹೇಳುತ್ತಿದ್ದೆ. ಕೇಳದವರಿಗೂ ಹೇಳಿದೆ. ನಲವತ್ತೊಂದು ದಿನ ನಾನು ಬೀಗಿದೆ.

ನಲವತ್ತೆರಡನೆಯ ದಿನ ಬೆಳಿಗ್ಗೆ ನಾಲ್ಕನೇ ಚೊಂಬಿನ ನಂತರ ಏನೋ ಒಡೆದ ಸದ್ದು ಕೇಳಿತು. ಆಮೇಲೆ ಒಂದು ಭಾರವಾದ ಸದ್ದು. ಚಿಲಕ ನಾನೇ ಹಾಕಿದ್ದು, ಅದನ್ನು ಕೀಳುವುದಕ್ಕೆ ನನಗೇ ಎರಡು ನಿಮಿಷ ಹಿಡಿಯಿತು.

ಅವಳು ಮಗ್ಗುಲಾಗಿ ಬಿದ್ದಿದ್ದಳು. ಅಷ್ಟು ನೋವಿನಲ್ಲೂ ಟವೆಲ್ ಎಳೆದುಕೊಳ್ಳಲು ನೋಡುತ್ತಿದ್ದಳು, ಆದರೆ ಎಡಗೈ ಏನನ್ನೋ ಬಿಗಿಯಾಗಿ ಹಿಡಿದಿತ್ತು. ಬಿಡಿಸಿ ನೋಡಿದರೆ ಸೋಪಿನ ತಟ್ಟೆಯ ಅರ್ಧ ಚೂರು. ಬೆರಳಿನಿಂದ ರಕ್ತ ಬರುತ್ತಿತ್ತು. ಬೀದಿ ಕಡೆಯ ಗೋಡೆಯಲ್ಲಿ ತಟ್ಟೆ ಇದ್ದ ಜಾಗ ಹಲ್ಲು ಕಿತ್ತ ದವಡೆಯ ಹಾಗೆ ಕಾಣುತ್ತಿತ್ತು. ಸೊಂಟದ ಮೂಳೆ ಮುರಿದಿತ್ತು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ಒಂದು ಕಡೆ ಮೊದಲೇ ಸೋತಿದೆ, ಇನ್ನು ನಡೆಸೋದು ಕಷ್ಟ. ಮಲಗಿದ್ದಲ್ಲೇ ಎಲ್ಲ ಮಾಡಿಸಿ," ಎಂದರು.

ಮಗಳನ್ನು ಅಲ್ಲಿ ಬಿಟ್ಟು ಬಟ್ಟೆ ತರಲು ಮನೆಗೆ ಬಂದೆ. ಬಚ್ಚಲು ಬೆಳಿಗ್ಗೆ ಇದ್ದ ಹಾಗೇ ಇತ್ತು. ನೀರು ಮಾತ್ರ ಪೂರ್ತಿ ಇಳಿದು ನೆಲ ಒಣಗಿತ್ತು, ಇಳಿಜಾರಿನಲ್ಲಿ ನಾನು ತಪ್ಪು ಮಾಡಿರಲಿಲ್ಲ. ಸ್ಟೂಲ್ ಬಾಗಿಲ ಹತ್ತಿರವಿತ್ತು. ಬಕೆಟ್ಟು, ಚೊಂಬು ಸ್ಟೂಲಿನ ಆಚೆ, ಒಳಗೋಡೆಯ ಕಡೆ ಇದ್ದವು. ನಾನು ಬೇರೆಯವರ ಬಚ್ಚಲು ನೋಡುವ ಹಾಗೆ ಅದನ್ನು ನೋಡಿದೆ. ಇಲ್ಲಿ ಕೂತವರು ಬಾಗಿಲಿಗೆ ಬೆನ್ನು ಹಾಕಿ ಕೂರುತ್ತಾರೆ ಎಂದು ಒಂದೇ ಗಳಿಗೆಯಲ್ಲಿ ತಿಳಿಯಿತು.

ಹೋಗಿ ಸ್ಟೂಲಿನ ಮೇಲೆ ಅವಳ ಹಾಗೆ ಕೂತೆ. ನನ್ನ ಸರಳು ಬಲಕ್ಕೆ ಬಂತು, ಸತ್ತ ಕೈಯ ಕಡೆಗೆ. ಎಡಕ್ಕೆ ಬೀದಿಯ ಗೋಡೆ, ಅದರಲ್ಲಿ ಹಿಡಿಯಲು ಸಿಗುವುದು ಆ ಸೋಪಿನ ತಟ್ಟೆ ಒಂದೇ. ಅದರ ಸುತ್ತ ಗೋಡೆಯ ಮೇಲೆ ಅಂಗೈ ಉಜ್ಜಿ ಉಜ್ಜಿ ಸೋಪಿನ ಬಿಳಿ ಕಲೆ ಕಟ್ಟಿತ್ತು, ಐದು ಬೆರಳೂ ಗೊತ್ತಾಗುವ ಹಾಗೆ. ಸರಳನ್ನು ಮುಟ್ಟಿ ನೋಡಿದೆ. ಬಚ್ಚಲಲ್ಲಿ ದಿನಾ ಕೈ ತಾಗುವ ಸ್ಟೀಲು ವಾರದಲ್ಲಿ ಮಂಕಾಗುತ್ತದೆ. ಇದು ಅಂಗಡಿಯಲ್ಲಿದ್ದ ಹಾಗೇ ಹೊಳೆಯುತ್ತಿತ್ತು, ಮೇಲ್ಭಾಗದಲ್ಲಿ ತೆಳುವಾಗಿ ಧೂಳು ಕೂತಿತ್ತು.

ಊರಿನವರನ್ನೆಲ್ಲ ಕೂರಿಸಿ ಕೇಳಿದವನು ನಾನು. ಕಾಲು ಸೋತವರು ಒಳಗೆ ಹೋದ ಮುಖಕ್ಕೇ ಕೂರುತ್ತಾರೆ, ತಿರುಗುವುದೇ ಅವರಿಗೆ ಗಂಡಾಂತರ ಎಂದು ಎಷ್ಟೋ ಮನೆಯಲ್ಲಿ ಬುದ್ಧಿ ಹೇಳಿದವನು. ಸ್ವಂತ ಹೆಂಡತಿ, ಅವಳನ್ನೇನು ಕೇಳುವುದು ಎಂದುಕೊಂಡೆ. ನನ್ನ ಕೆನ್ನೆಗೆ ನಾನೇ ಹೊಡೆದುಕೊಂಡೆ. ಯಾರೂ ಇಲ್ಲದ ಮನೆಯಲ್ಲಿ ಆ ಸದ್ದು ಚೆನ್ನಾಗಿ ಕೇಳಿಸಿತು.

ಅವಳನ್ನು ಮನೆಗೆ ಕರೆತಂದ ಮೇಲೆ, ಮಗಳು ಇಲ್ಲದ ಹೊತ್ತು ನೋಡಿ ಕೇಳಿದೆ. "ಬಾಗಿಲಿಗೆ ಬೆನ್ನು ಹಾಕಿ ಕೂರ್ತಿದ್ದೆಯಾ, ಮೊದಲಿಂದ?"

"ಚಿಲಕ ಇರ್ಲಿಲ್ವಲ್ಲ," ಎಂದಳು. "ಯಾರಾದ್ರೂ ತೆಗೆದ್ರೂ... ಬೆನ್ನು ಮಾತ್ರ ಕಾಣ್ಲಿ ಅಂತ."

"ಈಗ ಚಿಲಕ ಹಾಕಿದ್ದೆನಲ್ಲ."

"ಇಪ್ಪತ್ತಾರು ವರ್ಷ ಆಗಿತ್ತು. ತಿರುಗೋಕೂ ಆಗ್ತಿರ್ಲಿಲ್ಲ."

"ಸರಳು ಆ ಕಡೆ ಬೇಕು ಅಂತ ಒಂದು ಮಾತು ಹೇಳಬಾರದಾಗಿತ್ತಾ? ಅರ್ಧ ದಿನದ ಕೆಲಸ ಅದು." ನನ್ನ ದನಿ ಏರಿತ್ತು. ಸಿಟ್ಟು ಯಾರ ಮೇಲೆ ಎಂದು ಇಬ್ಬರಿಗೂ ಗೊತ್ತಿತ್ತು.

ಅವಳು ಒಂದೊಂದೇ ಮಾತು ಜೋಡಿಸಿ ಹೇಳಿದಳು. "ಎಲ್ಲರನ್ನೂ ಕೂರಿಸಿ ಕೇಳ್ತೀರಲ್ಲ. ಅವತ್ತು ನನ್ನನ್ನೂ ಕೇಳ್ತೀರಿ ಅಂತ ಬಾಗಿಲಲ್ಲಿ ಕಾದೆ. ನೀವು ನೀರು ಸುರಿದ್ರಿ." ಉಸಿರು ತೆಗೆದುಕೊಂಡು ಮತ್ತೆ ಹೇಳಿದಳು. "ಅಷ್ಟು ಖುಷಿಯಾಗಿದ್ರಿ. ಆಮೇಲೆ ಬಾಯಿ ಬರ್ಲಿಲ್ಲ."

ಮಗಳು ಮೊದಲ ವಾರ ಬಂದು ಮೈ ಒರೆಸಿದಳು. ಆಮೇಲೆ ಅವಳ ಚಿಕ್ಕ ಮಗುವಿಗೆ ಜ್ವರ ಬಂತು, ಕೆಲಸ ನನ್ನ ಕೈಗೆ ಬಂತು. ಈಗ ದಿನಾ ಬೆಳಿಗ್ಗೆ ಬೀದಿ ಬಾಗಿಲು ಎಳೆದುಕೊಂಡು ಹೊರಗೆ ಹೋಗುವುದಿಲ್ಲ, ಒಳಗೆ ನಿಂತು ಮುಚ್ಚುತ್ತೇನೆ. ಬೋಗುಣಿಯಲ್ಲಿ ಬಿಸಿನೀರು ತಂದು ಮಂಚದ ಪಕ್ಕ ಇಡುತ್ತೇನೆ. ಸರಳನ್ನು ಕಿತ್ತು ಬೀದಿ ಕಡೆಯ ಗೋಡೆಗೆ ಹಾಕಿದ್ದೇನೆ. ಅದಕ್ಕೆ ಅರ್ಧ ದಿನವೂ ಹಿಡಿಯಲಿಲ್ಲ. ಈಗ ಅದರ ಮೇಲೆ ಅವಳ ಮೈ ಒರೆಸುವ ಬಟ್ಟೆ ಒಣಗುತ್ತದೆ.

ಪ್ರತಿಯೊಂದನ್ನೂ ಕೇಳುತ್ತೇನೆ. ನೀರು ಬಿಸಿ ಸಾಕಾ, ಮೊದಲು ಯಾವ ಕೈ, ಇಲ್ಲಿ ನೋಯುತ್ತಾ, ಇಷ್ಟು ಒತ್ತಿದರೆ ಸರಿಯಾ. ಎಲ್ಲದಕ್ಕೂ ಅವಳು "ಹ್ಞೂಂ" ಅನ್ನುತ್ತಾಳೆ. ನಾನು ಬಟ್ಟೆ ಹಿಂಡಿ ಅವಳ ಹೊದಿಕೆ ಸರಿಸಿದ ಕೂಡಲೇ ಮಾತ್ರ ಅವಳು ಕಷ್ಟಪಟ್ಟು ಕತ್ತು ಹೊರಳಿಸಿ, ಮುಖವನ್ನು ಗೋಡೆಯ ಕಡೆ ತಿರುಗಿಸಿಕೊಳ್ಳುತ್ತಾಳೆ. ಮುಗಿಯುವವರೆಗೆ ಹಾಗೇ ಇರುತ್ತಾಳೆ.