ಮುಂದಿನ ಬೆಂಚಿನ ಕಣ್ಣುಗಳು

ಒಂದೇ ಒಂದು ಸನ್ನೆ. ಅಂಗೈ ಕೆಳಗೆ ಮಾಡಿ ಮೆಲ್ಲಗೆ ಒತ್ತಿದರೆ ಮುಗಿಯಿತು: ಇರು. ಅಷ್ಟಕ್ಕೇ ಅದು ಸುಳ್ಳಾಗುತ್ತದೆಯೇ? ಬಾಯಿಯನ್ನೇ ತೆರೆಯದವನು ಸುಳ್ಳು ಹೇಳಿದ ಎನ್ನಲು ಬರುತ್ತದೆಯೇ? ಸಭೆಯ ಹಾಲಿಗೆ ಹತ್ತುವ ಮೆಟ್ಟಿಲ ಮೇಲೆ, ಕೆಳಗಿನ ಟೈರ್ ಅಂಗಡಿಯ ರಬ್ಬರ್ ವಾಸನೆಯಲ್ಲಿ, ಅವನು ಇದನ್ನೇ ಮನಸ್ಸಿನಲ್ಲಿ ಅರೆಯುತ್ತಿದ್ದ.

ಮುಂದೆ ಅಕ್ಕ ಹತ್ತುತ್ತಿದ್ದಳು. ಹುಟ್ಟಿನಿಂದಲೇ ಅವಳಿಗೆ ಕಿವಿ ಕೇಳಿಸುತ್ತಿರಲಿಲ್ಲ. ಅಮ್ಮ ಹೋದ ಮೇಲೆ ಅವನನ್ನು ಸಾಕಿದವಳು ಅವಳೇ. ಅವನಿಗೆ ಬಾಯಿಗಿಂತ ಮೊದಲು ಕೈಗೆ ಮಾತು ಬಂದದ್ದು ಅವಳಿಂದ. ಕನ್ನಡಕದ ಅಂಗಡಿಯಲ್ಲಿ ದಿನವಿಡೀ ಗಾಜು ಉಜ್ಜುವ ಅವನನ್ನು ಜೊತೆಯವರು ಮೌನಿ ಎಂದೇ ಕರೆಯುತ್ತಿದ್ದರು. ಮನೆಗೆ ಬಂದರೆ ಅವನಷ್ಟು ಮಾತುಗಾರ ಇನ್ನೊಬ್ಬನಿರಲಿಲ್ಲ. ಭಾನುವಾರಗಳಲ್ಲಿ ಪಾಸ್ಟರರ ಪಕ್ಕ ನಿಂತು, ಅವರ ಪ್ರಸಂಗವನ್ನು ಮುಂದಿನ ಬೆಂಚಿನ ಕಿವುಡರಿಗೆ ಸನ್ನೆಯಲ್ಲಿ ಮುಟ್ಟಿಸುವುದು ಅವನ ಸೇವೆ.

ಈಗ ದೂರದ ಬಂದರಿನ ಊರಿನಿಂದ ಒಬ್ಬ ಬಡಗಿ, ಅವನೂ ಕಿವುಡನೇ, ಅಕ್ಕನನ್ನು ಮದುವೆಯಾಗುತ್ತೇನೆಂದು ಹೇಳಿ ಕಳಿಸಿದ್ದ. ಉತ್ತರ ಕೇಳಲು ಆ ಬಡಗಿಯ ಅಣ್ಣ ಇವತ್ತು ಸಂಜೆ ಫೋನ್ ಮಾಡುವವನಿದ್ದ.

"ನಿಂಗೇನನ್ಸುತ್ತೆ?" ಎಂದು ತಮ್ಮ ಕೇಳಿದಾಗ ಅಕ್ಕ ಮೇಲಕ್ಕೆ ಬೆರಳು ತೋರಿಸಿದ್ದಳು. "ನಂಗನ್ಸೋದು ಇರ್ಲಿ. ಅವನನ್ನೇ ಕೇಳಿದೀನಿ."

ಕೇಳುವುದನ್ನು ಅವನು ನೋಡಿದ್ದ. ವಾರವಿಡೀ, ಬೆಳಕು ಹರಿಯುವ ಹೊತ್ತಿಗೆ ಅವಳ ಹೊದಿಕೆ ಅಲ್ಲಾಡುತ್ತಿತ್ತು. ಅದರಡಿ ಕೈಗಳು ಬೇಡಿಕೊಳ್ಳುತ್ತಿದ್ದವು. ಆಮೇಲೆ ಎರಡೂ ಹೊರಗೆ ಬಂದು, ಅಂಗೈ ಮೇಲಾಗಿ, ಬಹಳ ಹೊತ್ತು ಸುಮ್ಮನೆ ಬಿದ್ದಿರುತ್ತಿದ್ದವು. ಚಿಕ್ಕವನಿದ್ದಾಗ ಅವನೊಮ್ಮೆ ಕೇಳಿದ್ದ, "ದೇವರು ನಿಂಗೆ ಹೇಗೆ ಕೇಳಿಸ್ತಾನೆ?" ಅಕ್ಕ ನಕ್ಕಿದ್ದಳು. "ಕಿವಿ ಇರೋ ನಿಂಗೆ ಕೇಳಿಸಿದಾನೇನೋ?"

ಓದುವ ಭಾಗವನ್ನು ಪಾಸ್ಟರ್ ಹಿಂದಿನ ದಿನವೇ ಅವನಿಗೆ ತಿಳಿಸಿದ್ದರು. "ದೇವರ ದನಿಗೆ ಕಾಯ್ತಾ ಗುಹೆ ಬಾಗಿಲಲ್ಲಿ ಪ್ರವಾದಿ ನಿಲ್ತಾನಲ್ಲ, ಅದು. ಓದಿ ಸುಮ್ಮನಾಗ್ಬಿಡ್ತೀನಿ. ಎಲ್ಲರೂ ಕಣ್ಣು ಮುಚ್ಚಿ ಕಾಯೋಣ. ನೀನೂ ಸ್ವಲ್ಪ ಸುಧಾರಿಸಿಕೊ."

ಎಲ್ಲರೂ ಎಂದರೆ ಕಿವಿ ಇದ್ದವರು. ಮುಂದಿನ ಬೆಂಚಿನವರು ಕಣ್ಣು ಮುಚ್ಚುವುದಿಲ್ಲ. ಮುಚ್ಚಿದರೆ ಅವರ ಪಾಲಿಗೆ ಸಭೆಯೇ ಇಲ್ಲ. ಆ ಹೊತ್ತಿನಲ್ಲಿ ಅವನ ಕೈ ಏನು ಹೇಳಿದರೂ ಅದು ಪಾಸ್ಟರರ ಮಾತು, ಅವರ ಬಾಯಿಂದ ಬಂದ ದೇವರ ಮಾತು. ಸುಳ್ಳು ಎನ್ನಲು ಯಾರೂ ಇರುವುದಿಲ್ಲ. ಅಕ್ಕ ಇಲ್ಲೇ ಉಳಿಯುತ್ತಾಳೆ.

ಹಾಲಿನಲ್ಲಿ ಬಿಸಿಲು ಕಿಟಕಿಯ ಸರಳುಗಳನ್ನು ನೆಲದ ಮೇಲೆ ಗೀರಿತ್ತು. ಪಾಸ್ಟರ್ ಓದಿದರು. ಬೆಟ್ಟ ಸೀಳುವ ಗಾಳಿ ಬಂತು, ಅದರಲ್ಲಿ ದೇವರಿರಲಿಲ್ಲ. ನೆಲ ನಡುಗಿತು, ಅದರಲ್ಲೂ ಇಲ್ಲ. ಬೆಂಕಿ ಬಂತು. ಅವನ ಕೈಗಳು ಗಾಳಿಯಾದವು, ನೆಲವಾದವು, ಉರಿದವು. ಬೆಂಚಿನ ಮೇಲಿನ ಕಣ್ಣುಗಳೆಲ್ಲ ಅವನ ಮೇಲಿದ್ದವು.

"ಇನ್ನು ನಾವು ಮಾತಾಡೋದು ಬೇಡ. ಅವನೇ ಮಾತಾಡಲಿ," ಎಂದು ಪಾಸ್ಟರ್ ಕಣ್ಣು ಮುಚ್ಚಿದರು.

ಕೆಳಗೆ ಗಾಳಿ ತುಂಬುವ ಯಂತ್ರವೂ ನಿಂತಿತು. ಅವನು ಅಕ್ಕನನ್ನು ನೋಡಿದ. ಈಗ, ಅಂದುಕೊಂಡ. ಹೊಟ್ಟೆಯ ಮೇಲೆ ಒಂದರ ಮೇಲೊಂದು ಇಟ್ಟಿದ್ದ ಅವನ ಕೈಗಳು ಮೇಲೇಳಲಿಲ್ಲ. ನೀರಲ್ಲಿ ನೆನೆದ ಬಟ್ಟೆಯಂತೆ ಭಾರವಾಗಿ ಬಿದ್ದಿದ್ದವು. ಬೆರಳು ಮಡಿಸಲು ನೋಡಿದ, ಅದೂ ಆಗಲಿಲ್ಲ.

ಆಗ ಅಕ್ಕನ ಕಣ್ಣು ಚಲಿಸತೊಡಗಿತು.

ಅವನ ಎದೆಯ ಮಟ್ಟದಲ್ಲಿ, ಅತ್ತಿಂದಿತ್ತ, ಮೇಲಕ್ಕೆ, ಮತ್ತೆ ಕೆಳಕ್ಕೆ. ಸನ್ನೆ ಓದುವಾಗ ಅವಳ ಕಣ್ಣು ಓಡುವ ಬಗೆ ಅವನಿಗೆ ಚೆನ್ನಾಗಿ ಗೊತ್ತಿತ್ತು. ಒಂದು ಕಡೆ ಅದು ತಡೆದು ನಿಂತಿತು. ಹುಬ್ಬೇರಿಸಿದಳು. ನಿಧಾನಕ್ಕೆ ತಲೆಯಾಡಿಸಿದಳು. ಅವನು ಬಗ್ಗಿ ನೋಡಿಕೊಂಡ. ಕೈಗಳು ಇಟ್ಟಲ್ಲೇ ಇದ್ದವು. ತಿರುಗಿ ನೋಡಿದ. ಹಿಂದೆ ಸುಣ್ಣ ಹೊಡೆದ ಬರಿಯ ಗೋಡೆ.

ಸಭೆ ಮುಗಿದಾಗ ಅಕ್ಕನ ಕೆನ್ನೆ ಒದ್ದೆಯಾಗಿತ್ತು.

"ಹೋಗು ಅಂತ ಹೇಳಿದೆಯಲ್ಲ," ಅವಳ ಕೈಗಳು ಹೇಳಿದವು. "ಹೆದರಬೇಡ, ಹೋಗು ಅಂತ. ಗಲ್ಲದ ಮೇಲೆ ಬೆರಳಿಟ್ಟು, ಮನೇಲಷ್ಟೇ ಕರೆಯೋ ನನ್ನ ಸನ್ನೆ ಹೆಸರು ಹಿಡಿದು ಕರೆದೆ. ಪಾಸ್ಟರಿಗೆ ಆ ಹೆಸರು ಯಾರು ಹೇಳಿದ್ದು?"

"ಯಾರೂ ಹೇಳಿಲ್ಲ."

"ನಂಗೊತ್ತಿತ್ತು," ಎಂದಳು ಅಕ್ಕ. "ಅದು ಪಾಸ್ಟರ್ ಮಾತಲ್ಲ ಅಂತ ಆಗಲೇ ಗೊತ್ತಾಯ್ತು."

ಬೆಂಚಿನ ಇನ್ನೊಂದು ತುದಿಯಲ್ಲಿ ಕೂರುವ ವಾಚ್ ರಿಪೇರಿ ತಾತನನ್ನು ಅವನು ಮೆಟ್ಟಿಲ ಬಳಿ ತಡೆದ. "ತಾತ, ಎಲ್ಲರೂ ಕಣ್ಣು ಮುಚ್ಚಿದ್ದಾಗ ನಾನೇನು ಹೇಳಿದೆ?"

"ಹೇಳೋದೇನು ಬಂತು? ಕಂಬದ ಹಾಗೆ ನಿಂತಿದ್ದೆ," ತಾತನ ಬೆರಳುಗಳು ಕುಣಿದವು. "ಒಳ್ಳೇದೇ ಆಯ್ತು ಬಿಡು. ನಿಮ್ಮ ಪಾಸ್ಟರ್ ಪ್ರಸಂಗದ ಉದ್ದಕ್ಕೆ ಕಿವುಡರಿಗೂ ಕಿವಿ ನೋವು ಬರುತ್ತೆ. ಯಾಕೋ, ಮುಖ ಹಿಂಗಾಗಿದೆ? ಹೊಟ್ಟೆಗೇನೂ ತಿಂದಿಲ್ವಾ?"

ಸಂಜೆ ಫೋನ್ ಬಂತು. ಅಕ್ಕ ಎದುರಿಗೆ ಸ್ಟೂಲಿನ ಮೇಲೆ ಕೂತು ಅವನ ತುಟಿಗಳನ್ನೇ ನೋಡುತ್ತಿದ್ದಳು. ತುಟಿ ಓದುವುದು ಅವಳಿಗೆ ಅರ್ಧಂಬರ್ಧ ಮಾತ್ರ ಬರುತ್ತಿತ್ತು. ಅವಳನ್ನು ಇಲ್ಲೇ ಉಳಿಸಿಕೊಳ್ಳಲು ಈಗಲೂ ಒಂದು ಸುಳ್ಳು ಮಾತು ಸಾಕಾಗಿತ್ತು.

"ಏನಂತಾರಪ್ಪ ನಿಮ್ಮಕ್ಕ?" ಅತ್ತಲಿನ ದನಿ ಕೇಳಿತು.

ಅಕ್ಕನ ಕಣ್ಣುಗಳು ತುಟಿಯಿಂದ ಜಾರಿ, ಜೇಬಿನೊಳಗಿದ್ದ ಅವನ ಬಲಗೈಯ ಕಡೆಗೆ ಇಳಿದವು. ಅಲ್ಲಿ ಏನನ್ನೋ ನೋಡಿ ಅವಳು ನಕ್ಕಳು.

"ಬರ್ತಾಳಂತೆ," ಎಂದ.

ಅಕ್ಕ ಹೋದ ಮೇಲೆ ಆ ಮನೆಯಲ್ಲಿ ಅವನ ಕೈಗೆ ಕೆಲಸವಿರಲಿಲ್ಲ. ಬೆಳಕು ಹರಿಯುವಾಗ ಎಚ್ಚರವಾದರೆ ಎರಡನ್ನೂ ಹೊದಿಕೆಯ ಮೇಲೆ, ಅಂಗೈ ಮೇಲಾಗಿ ಇಟ್ಟು, ಅಂಗಡಿಗೆ ಹೊತ್ತಾಗುವ ತನಕ ನೋಡುತ್ತ ಮಲಗಿರುತ್ತಿದ್ದ. ವರ್ಷಕ್ಕೊಮ್ಮೆ ಅವಳು ಗಂಡನೊಂದಿಗೆ ಬಂದಾಗ ಅದೇ ಕೈಗಳನ್ನು ಹಿಡಿದು ಕಣ್ಣಿಗೊತ್ತಿಕೊಳ್ಳುತ್ತಿದ್ದಳು. ಅವು ಆ ದಿನ ಅಲುಗಾಡಿರಲಿಲ್ಲ ಎಂದು ಅವನು ಅವಳಿಗೆ ಎಂದೂ ಹೇಳಲಿಲ್ಲ.